ನಡುಹಗಲಲ್ಲಿ ಬೆಳ್ಳಗಾದ ಬೇವು

ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಸತ್ತಂತಿರುವ ತುದಿಯ ಬಲ್ಬು ಬಹುತೇಕ ಫೋನುಗಳ ಪರದೆಯಲ್ಲಿ ನಸುನೇರಳೆಯಾಗಿ ಮಿಣುಕುತ್ತದೆ. ಅದು ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕು. ನಮ್ಮ ಕಣ್ಣು 700 ನ್ಯಾನೋಮೀಟರ್ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ; ಕ್ಯಾಮೆರಾದ ಸಿಲಿಕಾನ್ ಸೆನ್ಸರ್ 1,100ರವರೆಗೂ ಕಾಣಬಲ್ಲದು. ಹಾಗೆ ಕಂಡರೆ ಬಣ್ಣ ಕೆಡುತ್ತದೆಂದು ತಯಾರಕರು ಸೆನ್ಸರಿನ ಮುಂದೆ ತಡೆಗಾಜೊಂದನ್ನು ಕೂರಿಸಿರುತ್ತಾರೆ. ಆ ಗಾಜು ಸ್ವಲ್ಪ ಸೋರುತ್ತದೆ. ಅಹಮದಾಬಾದಿನ ಮಧ್ಯಾಹ್ನಗಳಲ್ಲಿ ನಾನು ನೆಚ್ಚಿಕೊಂಡಿರುವುದು ಆ ಸೋರಿಕೆಯನ್ನೇ.

ಕಣ್ಣಿಗೆ ಕಾಣುವ ಬೆಳಕನ್ನು ತಡೆಯುವ 720 ನ್ಯಾನೋಮೀಟರಿನ ಫಿಲ್ಟರನ್ನು ಲೆನ್ಸಿನ ಮುಂದೆ ತಿರುಗಿಸಿದೆನೆಂದರೆ ವ್ಯೂಫೈಂಡರಿನಲ್ಲಿ ಬರೀ ಕತ್ತಲೆ. ಅದಕ್ಕೇ ಚೌಕಟ್ಟು, ಫೋಕಸ್ ಎಲ್ಲ ಮೊದಲೇ ಮಾಡಿಕೊಂಡಿರಬೇಕು. ಸೋರಿಬರುವ ಬೆಳಕು ಎಷ್ಟು ಕಡಿಮೆಯೆಂದರೆ ಸುಡುಬಿಸಿಲಿನಲ್ಲೂ ಶಟರನ್ನು 30 ಸೆಕೆಂಡ್ ತೆರೆದಿಡಬೇಕು. ಸಾಬರಮತಿ ದಂಡೆಯಲ್ಲಿ ಹಾಗೆ ತೆಗೆದ ಒಂದು ಚಿತ್ರದಲ್ಲಿ ನೀರು ಕಡೆದ ಕಲ್ಲಿನಷ್ಟು ನಯ, 1892ರ ಎಲ್ಲಿಸ್ ಸೇತುವೆಯ ಉಕ್ಕಿನ ಕಮಾನುಗಳು ಚೊಕ್ಕ, ಓಡಾಡುತ್ತಿದ್ದವರೆಲ್ಲ ಮಾಯ. ಬೆಂಚಿನ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದ ಕಾಕಾ ಒಬ್ಬರು ಮಾತ್ರ ಉಳಿದಿದ್ದರು. ಆದರೆ ಅವರಿಗೆ ಕೈಗಳಿರಲಿಲ್ಲ!

ಅವರ ತಲೆಯ ಮೇಲಿದ್ದ ಬೇವಿನ ಮರ ಹಿಮ ಬಿದ್ದಂತೆ ಬೆಳ್ಳಗಿತ್ತು. ಅವಕೆಂಪು ಚಿತ್ರಗಳನ್ನು 1910ರಲ್ಲಿ ಪ್ರಕಟಿಸಿದ ರಾಬರ್ಟ್ ವುಡ್ ಹೆಸರಿನಲ್ಲಿ ಇದನ್ನು ವುಡ್ ಪರಿಣಾಮ ಎನ್ನುತ್ತಾರೆ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ನುಂಗುತ್ತದೆ, ಅವಕೆಂಪನ್ನು ಮುಟ್ಟುವುದಿಲ್ಲ. ಒಳಕ್ಕೆ ಹೋದ ಅವಕೆಂಪು ಜೀವಕೋಶಗಳ ಗೋಡೆಗೂ ನಡುವಿನ ಗಾಳಿಗೂ ಬಡಿದು ಚದುರಿ ಹೊರಬರುತ್ತದೆ. ಸೋಪಿನ ನೊರೆ ಬೆಳ್ಳಗೆ ಕಾಣುವುದೂ ಇದೇ ಬಗೆಯಲ್ಲಿ. ಮರದ ಬಿಸಿಗೂ ಈ ಬಿಳುಪಿಗೂ ಸಂಬಂಧವಿಲ್ಲ. ಮೈಬಿಸಿ ಹೊಮ್ಮಿಸುವ ಅವಕೆಂಪಿನ ತರಂಗ ಇನ್ನೂ ಎಷ್ಟೋ ಉದ್ದ. ತನ್ನ ಹೆಸರಲ್ಲೇ ಆಲದ ಮರವನ್ನಿಟ್ಟುಕೊಂಡ ವಡೋದರಾದಲ್ಲಿ ಆಲಗಳೆಲ್ಲ ಹೀಗೆ ಬೆಳಗುತ್ತವೆ, ಹಿಂದೆ ಆಕಾಶ ಕಪ್ಪಗೆ. ಅವಕೆಂಪು ಮಂಜನ್ನು ಸೀಳುತ್ತದೆಂದು ಕೆಲವರು ಹೊಗಳುವುದುಂಟು. ಗುಜರಾತಿನ ಬೇಸಿಗೆಯ ಧೂಳಿನ ಮುಂದೆ ಆ ಆಟ ನಡೆಯದು, ಕಣಗಳು ದಪ್ಪ.

ರೋಗ ಬಡಿದ ಎಲೆಯ ಒಳರಚನೆ ಕೆಟ್ಟರೆ ಈ ಬಿಳುಪು ಮಂಕಾಗುತ್ತದೆ. ಇದನ್ನೇ ಹಿಡಿದು 1970ರ ಹೊತ್ತಿಗೆ ಪಿ.ಆರ್. ಪಿಶಾರೋಟಿಯವರ ತಂಡ ಕೇರಳದ ತೆಂಗಿನ ತೋಟಗಳನ್ನು ಆಕಾಶದಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿ ಬೇರುಸೊರಗು ರೋಗವನ್ನು ಗುರುತಿಸಿತು. ಪಿಶಾರೋಟಿ ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು. ನಮ್ಮ ಅದಮಾರಿನ ಯು.ಆರ್. ರಾವ್ ಪಿಎಚ್.ಡಿ.ಗೆ ಕೆಲಸ ಮಾಡಿದ್ದೂ ಅಲ್ಲೇ. ರಾವ್ ಇಸ್ರೊ ಅಧ್ಯಕ್ಷರಾಗಿದ್ದಾಗ, 1988ರಲ್ಲಿ ಹಾರಿದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳೂ ಬೆಳೆಗಳನ್ನು ಅವಕೆಂಪಿನಲ್ಲಿ ನೋಡುತ್ತಿದ್ದವು.

ರಾತ್ರಿ ಫಿಲ್ಟರ್ ಚೀಲಕ್ಕೆ, 30 ಸೆಕೆಂಡ್ ಮಾತ್ರ ಹಾಗೇ. ಅಷ್ಟರಲ್ಲಿ ಆಕಾಶ ಪೂರ್ಣಚಂದ್ರನ ಅಗಲದ ಕಾಲು ಭಾಗದಷ್ಟು ಸರಿದಿರುತ್ತದೆ. ಸೂರತ್‌ನ ದೀಪಗಳ ನಡುವೆ ಒಂದೇ ಸಲಕ್ಕೆ ಗಂಟೆಗಟ್ಟಲೆ ತೆರೆದಿಟ್ಟರೆ ಚಿತ್ರ ಸುಣ್ಣ ಬಳಿದ ಗೋಡೆಯಾಗುತ್ತದೆ. ಆದ್ದರಿಂದ 30 ಸೆಕೆಂಡಿನ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತೇವೆ. ನಕ್ಷತ್ರಗಳ ಗೆರೆಗಳು ಧ್ರುವದ ಸುತ್ತ ಬಳೆಗಳಾಗುತ್ತವೆ. ಬೆಂಗಳೂರಿನಲ್ಲಿ ಧ್ರುವ ದಿಗಂತದಿಂದ 13 ಡಿಗ್ರಿ ಮೇಲೆ, ಎದುರುಮನೆಯ ನೀರಿನ ಟ್ಯಾಂಕೇ ಮರೆಮಾಡುತ್ತದೆ. ಸೂರತ್‌ನಲ್ಲಿ 21, ಅಹಮದಾಬಾದಿನಲ್ಲಿ 23.

ಮೇ ತಿಂಗಳಲ್ಲಿ ಇನ್ನೊಂದು ಕಾಟ. ಬಿಸಿಯಾದ ಸೆನ್ಸರ್ ಬೆಳಕಿಲ್ಲದೆಯೂ ತಾನೇ ಚುಕ್ಕಿ ಹುಟ್ಟಿಸುತ್ತದೆ. ಪಿಶಾರೋಟಿಯವರಿದ್ದ ಅದೇ ಲ್ಯಾಬೊರೇಟರಿಯವರು ಮೌಂಟ್ ಅಬುವಿನ ಗುರುಶಿಖರದಲ್ಲಿ, ಒಣಗಾಳಿಯಲ್ಲಿ, 1.2 ಮೀಟರಿನ ಅವಕೆಂಪು ದೂರದರ್ಶಕ ನಿಲ್ಲಿಸಿ ಅದರ ಸೆನ್ಸರನ್ನು ದ್ರವ ಸಾರಜನಕದಲ್ಲಿ ತಂಪಾಗಿಟ್ಟರು. ನಾನು ತಾರಸಿಯ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಕತ್ತಲೆಯದೇ ಇನ್ನೊಂದು 30 ಸೆಕೆಂಡಿನ ಚಿತ್ರ ತೆಗೆಯುತ್ತೇನೆ. ಅದರಲ್ಲಿ ಮೂಡಿದ ಚುಕ್ಕಿಗಳನ್ನು ಮೊದಲಿನ ಚಿತ್ರದಿಂದ ಕಳೆಯಬೇಕು. ಮುಚ್ಚಳ ಹಾಕಿ ಫೋಟೊ ತೆಗೆಯುವ ನನ್ನನ್ನು ಪಕ್ಕದ ತಾರಸಿಯ ಮಾಸಿ ಇನ್ನೂ ಅನುಮಾನದಿಂದಲೇ ನೋಡುತ್ತಾರೆ.