ಹಳೆಯ ಜಾವಾ, ಸಣ್ಣ ಬಿಡಿಭಾಗ

ಭಾನುವಾರ ಬೆಳಿಗ್ಗೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್‌ಗಳ ಸದ್ದು ಅಡಗಿರುತ್ತದೆ. ಅಂಥ ಹೊತ್ತಿನಲ್ಲಿ ಅಡ್ಡರಸ್ತೆಯಿಂದ ‘ಡುಗು ಡುಗು’ ಎಂದು ಮೋಟಾರ್ ಸೈಕಲ್ ಒಂದರ ಸದ್ದು ಕೇಳಿದರೆ ಐವತ್ತು ದಾಟಿದವರು ತಲೆಯೆತ್ತಿ ನೋಡುತ್ತಾರೆ. ಅದು ಜಾವಾ ಎಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಜಾವಾದ ಮೂಲ ಅಂದಿನ ಚೆಕೊಸ್ಲೊವಾಕಿಯಾ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡೂ ಹೆಸರುಗಳ ಮೊದಲ ತುಣುಕು ಕೂಡಿ ‘ಜಾವಾ’ ಆಯಿತು. ಅದು ಕನ್ನಡ ನಾಡಿನ ಗಾಡಿಯಾದದ್ದು 1961ರಲ್ಲಿ. ಆ ವರ್ಷ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮುಂದೆ ಅದೇ ಗಾಡಿ ‘ಯೆಜ್ಡಿ’ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂದಿತಾದರೂ ಹೊಸ ಗಾಡಿಯದು ಫೋರ್ ಸ್ಟ್ರೋಕ್ ಎಂಜಿನ್. ಅದರ ಬಿಡಿಭಾಗ ಹಳೆಯದಕ್ಕೆ ಹೊಂದುವುದಿಲ್ಲ. ಹೀಗಾಗಿ ಹಳೆಯ ಜಾವಾ ಉಳಿಯಬೇಕಾದರೆ ಅದನ್ನು ಬಿಚ್ಚಿ ಕಟ್ಟುವ ಕೈಗಳಿಂದಲೇ ಉಳಿಯಬೇಕು.

ಬಿಚ್ಚುವುದು ಸುಲಭ, ಕಟ್ಟುವುದು ಕಷ್ಟ. ಅದರಲ್ಲೂ ಕಷ್ಟ ಕೊಡುವುದು ದೊಡ್ಡ ಭಾಗಗಳಲ್ಲ. ಟ್ಯಾಂಕಿಗೆ ಬಣ್ಣ ಹೊಡೆಸಬಹುದು, ಹ್ಯಾಂಡಲ್‌ಗೆ ಕ್ರೋಮಿಯಂ ಲೇಪ ಕೊಡಿಸಬಹುದು. ಎಂಜಿನ್ ಬದುಕುವುದು ಮಾತ್ರ ರಿಂಗು, ಪಿನ್ನು, ಬುಷ್, ಸೀಲ್‌ಗಳಂಥ ಅಂಗೈಯಲ್ಲಿ ಅಡಗುವ ಭಾಗಗಳಿಂದ.

ರಿಂಗಿಗೂ ಒಂದು ಜಾಗ

ಹಳೆಯ 250 ಸಿಸಿ ಜಾವಾದ ಬೋರ್ 65 ಮಿ.ಮೀ., ಪಿಸ್ಟನ್ ಓಡಾಡುವ ದೂರ 75 ಮಿ.ಮೀ. ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಪಿಸ್ಟನ್ ಸೆಕೆಂಡಿಗೆ 75 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಅಂದರೆ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಈ ಓಟದಲ್ಲಿ ಪಿಸ್ಟನ್ ಮತ್ತು ಬ್ಲಾಕ್‌ನ ಗೋಡೆಯ ನಡುವಿನ ಸಂದನ್ನು ಮುಚ್ಚುವ ಕೆಲಸ ರಿಂಗಿನದು.

ರಿಂಗು ಪೂರ್ತಿ ಬಳೆಯಲ್ಲ, ಬಾಯಿ ಬಿಟ್ಟ ಬಳೆ. ಕಾದಾಗ ಅದು ಹಿಗ್ಗುತ್ತದೆ. ಬಾಯಿ ತೀರಾ ಕಿರಿದಾಗಿದ್ದರೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗು ಬಿಗಿದುಕೊಳ್ಳುತ್ತದೆ. ತೀರಾ ಅಗಲವಾಗಿದ್ದರೆ ಒತ್ತಡ ಸೋರುತ್ತದೆ. ಆದ್ದರಿಂದ ರಿಂಗನ್ನು ಮೊದಲು ಬ್ಲಾಕಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಸಮವಾಗಿ ತಳ್ಳಿ, ಬಾಯಿಯನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಇಷ್ಟು ಗಾತ್ರದ ಬೋರಿಗೆ ಕಾಲು ಮಿಲಿಮೀಟರಿನ ಆಸುಪಾಸು ಇದ್ದರೆ ಸರಿ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬುಲೆಟ್ಟಿನಂಥ ಫೋರ್ ಸ್ಟ್ರೋಕ್ ಗಾಡಿಯಲ್ಲಿ ರಿಂಗು ತನ್ನ ಕಾಲುವೆಯಲ್ಲಿ ಸುತ್ತುತ್ತಿದ್ದರೂ ಚಿಂತೆಯಿಲ್ಲ. ಜಾವಾದ ಬ್ಲಾಕಿನ ಗೋಡೆಯಲ್ಲಾದರೋ ಹೊಗೆ ಹೋಗಲು, ಪೆಟ್ರೋಲ್ ಬರಲು ಕಿಂಡಿಗಳಿವೆ. ರಿಂಗಿನ ತುದಿ ಕಿಂಡಿಗೆ ಸಿಕ್ಕರೆ ಮುರಿಯುತ್ತದೆ. ಅದಕ್ಕಾಗಿ ಪಿಸ್ಟನ್ನಿನ ಕಾಲುವೆಯಲ್ಲಿ ಪುಟ್ಟ ಮೊಳೆಯೊಂದನ್ನು ಕೂರಿಸಿರುತ್ತಾರೆ. ರಿಂಗಿನ ಬಾಯಿ ಆ ಮೊಳೆಗೆ ಸರಿಯಾಗಿ ಕೂತಿದೆಯೇ ಎಂದು ನೋಡದೆ ಬ್ಲಾಕ್ ಇಳಿಸಿದರೆ ಕೆಲಸ ಕೆಟ್ಟಂತೆಯೇ.

ಸುತ್ತಿಗೆ ಬೇಡ, ಬಿಸಿನೀರು ಸಾಕು

ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವುದು ಗಜನ್ ಪಿನ್. ಅದನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರುಂಟು. ಆ ಪೆಟ್ಟಿಗೆ ರಾಡ್ ಬಾಗಬಹುದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹ, ಪಿನ್ ಉಕ್ಕು. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ನನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು, ಒರೆಸಿ, ಎಣ್ಣೆ ಹಚ್ಚಿದರೆ ಪಿನ್ ಹೆಬ್ಬೆರಳಿನ ಒತ್ತಿಗೇ ಒಳಗೆ ಹೋಗುತ್ತದೆ. ಶಾಲೆಯಲ್ಲಿ ಉಷ್ಣದ ಪಾಠ ಕಲಿಯದ ಮೇಸ್ತ್ರಿಗಳಿಗೂ ಈ ವಿದ್ಯೆ ಗೊತ್ತು.

ಪಿನ್ ಜಾರಿ ಹೊರಬಾರದಂತೆ ಎರಡು ತುದಿಗೂ ಒಂದೊಂದು ತಂತಿಯ ಬಳೆ ಹಾಕುತ್ತಾರೆ. ಅದು ಸರ್ಕ್ಲಿಪ್. ಗ್ಯಾರೇಜಿನ ಭಾಷೆಯಲ್ಲಿ ‘ಲಾಕ್’. ಇದನ್ನು ಹಾಕುವಾಗ ಕೈಜಾರಿದರೆ ನೇರ ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ. ಅದಕ್ಕೇ ಮೊದಲು ಅದರ ಬಾಯಿಗೆ ಬಟ್ಟೆ ತುರುಕಬೇಕು. ಲಾಕ್ ಕೂತ ಮೇಲೆ ಇಕ್ಕಳದಿಂದ ಮೆಲ್ಲಗೆ ತಿರುಗಿಸಿ, ಸುತ್ತಲೂ ಕಾಲುವೆಯೊಳಗೆ ಇಳಿದಿದೆಯೇ ಎಂದು ನೋಡಬೇಕು. ಅದರ ಬಾಯಿ ಮೇಲಕ್ಕೋ ಕೆಳಕ್ಕೋ ಇರಬೇಕು. ಅಡ್ಡಕ್ಕಿದ್ದರೆ ಪಿಸ್ಟನ್ನಿನ ಎಳೆತಕ್ಕೆ ಲಾಕ್ ಕುಗ್ಗಿ ಹೊರಗೆ ಜಿಗಿಯಬಹುದು. ಎಲ್ಲಕ್ಕಿಂತ ಮುಖ್ಯ ನಿಯಮ: ಒಮ್ಮೆ ತೆಗೆದ ಲಾಕನ್ನು ಮತ್ತೆ ಹಾಕಬಾರದು. ಅದರ ಸ್ಪ್ರಿಂಗ್ ಗುಣ ಕುಂದಿರುತ್ತದೆ.

ಈ ನಿಯಮವನ್ನು ನಾನು ಕಲಿತದ್ದು ತಪ್ಪು ಮಾಡಿ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ತಾತನ ಕಾಲದ ಜಾವಾ ಇದೆ. ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್ ತಂದು, ವಯಸ್ಸಾದ ಮೇಸ್ತ್ರಿಯೊಬ್ಬರು ಹೇಳಿಕೊಟ್ಟಂತೆ ನಾನೇ ಜೋಡಿಸುತ್ತಿದ್ದೆ. ಹೊಸ ಲಾಕುಗಳಲ್ಲಿ ಒಂದು ಎಗರಿ ಕಾಣೆಯಾಯಿತು. ಅಂದು ಭಾನುವಾರ, ಜೆ.ಸಿ. ರಸ್ತೆಯ ಅಂಗಡಿಗಳು ಮುಚ್ಚಿದ್ದವು. ‘ನಾಳೆವರೆಗೂ ಕಾಯಪ್ಪಾ, ಹಳೇದು ಹಾಕ್ಬೇಡ’ ಎಂದು ಮೇಸ್ತ್ರಿ ಹೇಳಿ ಹೋದರು. ತಾತನಿಗೆ ಅಂದೇ ಸಂಜೆ ಗಾಡಿಯ ಸದ್ದು ಕೇಳಿಸುವ ಆಸೆ ನನಗೆ. ಹಳೆಯದನ್ನೇ ಹಾಕಿದೆ.

ಗಾಡಿ ಸ್ಟಾರ್ಟ್ ಆಯಿತು, ತಾತ ನಕ್ಕರು. ನಾಲ್ಕನೇ ದಿನ ಕೆಂಗೇರಿ ದಾಟುವ ಮೊದಲೇ ಎಂಜಿನ್ ಕಿರುಗುಟ್ಟಿ ನಿಂತಿತು. ಬಿಚ್ಚಿ ನೋಡಿದರೆ ಲಾಕ್ ಜಿಗಿದಿತ್ತು. ಪಿನ್ ಪಕ್ಕಕ್ಕೆ ಸರಿದು ಬ್ಲಾಕಿನ ಗೋಡೆಯ ಮೇಲೆ ಉಗುರಿನಿಂದ ಗೀರಿದಂತೆ ಉದ್ದನೆಯ ಗೆರೆ ಎಳೆದಿತ್ತು. ಮೇಸ್ತ್ರಿ ಬೈಯಲಿಲ್ಲ. ಗೆರೆಯ ಮೇಲೆ ಬೆರಳಾಡಿಸಿ ಸುಮ್ಮನಾದರು.

ಹೋದ ಲೋಹ ಬಾರದು

ಕಾಮಾಕ್ಷಿಪಾಳ್ಯದ ಲೇತ್‌ನಲ್ಲಿ ಬ್ಲಾಕನ್ನು ಮತ್ತೆ ಬೋರ್ ಮಾಡಿಸಬೇಕಾಯಿತು. ನಷ್ಟ ಹಣದ್ದು ಮಾತ್ರವಲ್ಲ. ಪ್ರತಿ ಬೋರಿಂಗ್‌ಗೂ ಸಾಮಾನ್ಯವಾಗಿ ಕಾಲು ಅಥವಾ ಅರ್ಧ ಮಿಲಿಮೀಟರ್ ಅಗಲ ಹೆಚ್ಚುತ್ತದೆ, ಅದಕ್ಕೆ ತಕ್ಕ ದಪ್ಪ ಪಿಸ್ಟನ್ ಬೇಕಾಗುತ್ತದೆ. ಗೋಡೆ ತೆಳುವಾದ ಮೇಲೆ ಹೊಸ ತೋಳು ಕೂರಿಸಬೇಕು, ಇಲ್ಲವೆ ಬೇರೆ ಬ್ಲಾಕ್ ಹುಡುಕಬೇಕು. ಮೈಸೂರಿನಲ್ಲಿ ಅಚ್ಚು ಹೊಯ್ದ ಬ್ಲಾಕುಗಳು 1996ರಲ್ಲೇ ಕೊನೆಯಾದವು. ಕಾಳಿನಷ್ಟು ಸಣ್ಣ ಲಾಕಿಗಾಗಿ ಒಂದು ದಿನ ಕಾಯದೆ ನಾನು ಕಳೆದದ್ದು ಆ ಗಾಡಿಯ ಆಯುಸ್ಸಿನ ಒಂದು ಭಾಗ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಪ್ರಿಯರು ಒಂದೆಡೆ ಸೇರಿ ‘ಜಾವಾ ದಿನ’ ಆಚರಿಸುತ್ತಾರೆ. ಬೆಂಗಳೂರಿನಲ್ಲಿ ಅಂದು ಸಾಲುಗಟ್ಟಿ ನಿಂತ ಗಾಡಿಗಳ ಹೊಳಪನ್ನು ಜನ ಮೆಚ್ಚುತ್ತಾರೆ. ಅವುಗಳನ್ನು ಓಡಿಸುತ್ತಿರುವ ರಿಂಗು, ಪಿನ್ನು, ಲಾಕುಗಳು ಯಾರಿಗೂ ಕಾಣುವುದಿಲ್ಲ. ನಮ್ಮ ಗಾಡಿ ಈಗ ಮತ್ತೆ ಓಡುತ್ತಿದೆ. ಮೇಸ್ತ್ರಿಯ ಮಾತಿನಂತೆ ಮನೆಯಲ್ಲಿ ಹೊಸ ಲಾಕುಗಳ ನಾಲ್ಕು ಜೊತೆ ತಂದಿಟ್ಟಿದ್ದೇನೆ.