ಕಣದ ಅಂಚಿನಲ್ಲಿ ನಿಂತವರು ಯಾರು?

ಕೊಗನೊಳ್ಳಿಯ ಟೋಲ್ ನಾಕಾ ದಾಟಿ ಕಾಗಲ ಹಾದರೆ ಕೊಲ್ಲಾಪುರ. ಶಾಹೂ ಮಹಾರಾಜರು ಕಟ್ಟಿಸಿದ ಅಲ್ಲಿನ ಖಾಸಬಾಗ ಮೈದಾನ ನಿಪ್ಪಾಣಿ ಸೀಮೆಯ ಕುಸ್ತಿಪ್ರಿಯರಿಗೆ ಪರಸ್ಥಳವೇನಲ್ಲ. ಕೆಂಪು ಮಣ್ಣು, ತಾಲೀಮು, ವಸ್ತಾದ ಎಲ್ಲವೂ ಗಡಿಯ ಎರಡೂ ಕಡೆ ಒಂದೇ. ಪೈಲವಾನನಿಗೆ ಅಂಜಿಕೆ ಇರಬಾರದು ಎಂಬ ಮಾತೂ ಒಂದೇ. ನನ್ನ ತಕರಾರಿರುವುದು ಈ ಕೊನೆಯ ಮಾತಿನ ಮೇಲೆ.

ಕುಸ್ತಿಯಿರಲಿ, ಜುಡೋ, ಕರಾಟೆ ಇರಲಿ, ಶಾಲಾ ಕ್ರೀಡಾಕೂಟಕ್ಕೆ ಹೊರಟ ಹುಡುಗ ಹಿಂದಿನ ರಾತ್ರಿ ನಿದ್ದೆಗೆಡುತ್ತಾನೆ. ಬೆಳಗಾದರೆ ಹೊಟ್ಟೆ ತೊಳಸುತ್ತದೆ, ಅಂಗೈ ಬೆವರುತ್ತದೆ. ಕ್ರೀಡಾ ಮನೋವಿಜ್ಞಾನಿಗಳು ಇದರಲ್ಲಿ ಎರಡು ಎಳೆ ಕಾಣುತ್ತಾರೆ. ಮೈಯ ಉದ್ವೇಗ ಒಂದು. ಸೋತರೆ ಊರಿಗೆ ಹೇಗೆ ಮುಖ ತೋರಿಸಲಿ ಎಂಬ ಚಿಂತೆ ಇನ್ನೊಂದು. ಎದೆಬಡಿತ ಕಣಕ್ಕಿಳಿದ ಮೇಲೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಚಿಂತೆ ಮಾತ್ರ ಪಟ್ಟು ಹಾಕುವಾಗಲೂ ಕಾಡುತ್ತದೆ. 1990ರ ದಶಕದಲ್ಲಿ ಗ್ರಹಾಂ ಜೋನ್ಸ್ ಮತ್ತು ಸಂಗಡಿಗರು ಈಜುಗಾರರನ್ನು ವಿಚಾರಿಸಿ ನೋಡಿದರು. ಉನ್ನತ ಮಟ್ಟದವರಿಗೂ ಉಳಿದವರಿಗೂ ಅಂಜಿಕೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಉನ್ನತ ಮಟ್ಟದವರು ಅದನ್ನು ತಮಗೆ ನೆರವಾಗುವ ಸಂಗತಿಯೆಂದು ತಿಳಿದಿದ್ದರು, ಅಷ್ಟೇ ವ್ಯತ್ಯಾಸ.

ಹಾಗೆ ತಿಳಿಯುವುದನ್ನು ಮಗು ಒಂಟಿಯಾಗಿ ಕಲಿಯಬಲ್ಲದೇ? ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವರ ಕಥೆ ಕೇಳಬೇಕು. ಮಣ್ಣಿನಲ್ಲಿ ಬೆಳೆದ ಅವರಿಗೆ 1948ರ ಲಂಡನ್ ಒಲಿಂಪಿಕ್ಸ್‌ನ ಮ್ಯಾಟೂ ಹೊಸದು, ನಿಯಮಗಳೂ ಹೊಸವು. ಆದರೂ ಆರನೇ ಸ್ಥಾನ. 1952ರ ಹೆಲ್ಸಿಂಕಿಗೆ ದುಡ್ಡಿಲ್ಲದಾಗ ಪ್ರಾಂಶುಪಾಲ ಖರ್ಡೀಕರ್ ಮನೆ ಅಡವಿಟ್ಟು 7000 ರೂಪಾಯಿ ಹೊಂದಿಸಿದರೆಂಬುದು ಆ ಭಾಗದಲ್ಲಿ ಮನೆಮಾತು. ಹೆಲ್ಸಿಂಕಿಯಲ್ಲಿ ಜಪಾನಿನ ಇಶಿಯೊಂದಿಗೆ ದೀರ್ಘ ಸೆಣಸಾಟ ಮುಗಿದ ಬೆನ್ನಿಗೇ ಸೋವಿಯತ್ ಪೈಲವಾನನ ಎದುರು ನಿಲ್ಲಬೇಕಾಯಿತಂತೆ. ನಡುವೆ ಅರ್ಧ ತಾಸಿನ ವಿಶ್ರಾಂತಿಗೆ ನಿಯಮವಿತ್ತು. ಅದನ್ನು ಕೇಳಿ ಪಡೆಯಲು ಭಾರತದ ಅಧಿಕಾರಿಯೊಬ್ಬರೂ ಹತ್ತಿರವಿರಲಿಲ್ಲ ಎಂದು ಹೇಳುತ್ತಾರೆ. ದಣಿದ ಜಾಧವ ಸೋತರು. ಕೈಗೆ ಬಂದ ಕಂಚು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವಾಯಿತು, ನಿಜ. ಆದರೆ ಆ ಸೋಲಿಗೆ ಮನೋಬಲದ ಕೊರತೆ ಕಾರಣವೆಂದು ಯಾರಾದರೂ ಹೇಳಿಯಾರೇ?

ನಮ್ಮ ಜಿಲ್ಲೆಯ ಉದಾಹರಣೆಯೇ ಇದೆ. ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ ಜುಡೋ ಕಲಿತವರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಮೊದಲ ಸಲ ಸೇರಿದ ಕುರಾಶ್‌ನಲ್ಲಿ 52 ಕೆ.ಜಿ. ವಿಭಾಗದ ಕಂಚು ಗೆದ್ದರು. ಕುರಾಶ್‌ನಲ್ಲಿ ನೆಲದ ಹಿಡಿತಗಳಿಗೆ ಅವಕಾಶವಿಲ್ಲ. ಜುಡೋದಲ್ಲಿ ಮೈಗಂಟಿದ ಅಭ್ಯಾಸವನ್ನು ತಡೆದು ನಿಂತೇ ಆಡಬೇಕು. ಇಂಥದ್ದು ಬರಿಯ ಧೈರ್ಯದ ಭಾಷಣದಿಂದ ಬರುವುದಿಲ್ಲ.

ತೂಕದ ಯಂತ್ರದ ಭಯ ಬೇರೆಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಿದ್ದಕ್ಕೆ ಫೈನಲ್ ಕಳೆದುಕೊಂಡದ್ದನ್ನು ಮಕ್ಕಳೂ ಬಲ್ಲರು. ಬೆಳೆಯುವ ವಯಸ್ಸಿನಲ್ಲಿ ನೀರು ಬಿಟ್ಟು ತೂಕ ಇಳಿಸುವವನಿಗೆ ಕೈಕಾಲು ನಡುಗಿದರೆ ಅದು ಹೇಡಿತನವಲ್ಲ, ನಿರ್ಜಲೀಕರಣ. ಅವನನ್ನು ಮೇಲಿನ ತೂಕದಲ್ಲೇ ಆಡಿಸುವುದು ಲೇಸು. ಹಿಂದಿನ ದಿನವೇ ಮ್ಯಾಟ್ ಮೇಲೆ ನಾಲ್ಕು ಹೆಜ್ಜೆ ಹಾಕಿಸಬಹುದು. ದೈಹಿಕ ಶಿಕ್ಷಕರು ಕಬಡ್ಡಿಗೂ ಖೋಖೋಗೂ ಓಡಾಡುತ್ತಿದ್ದರೆ, ನಿಯಮ ಬಲ್ಲ ಹಿರಿಯ ಹುಡುಗನೊಬ್ಬನನ್ನಾದರೂ ಕಣದ ಅಂಚಿನಲ್ಲಿ ನಿಲ್ಲಿಸಬಹುದು. ಇದಕ್ಕೆ ಯಾವ ಅನುದಾನವೂ ಬೇಕಿಲ್ಲ.