ಸ್ತನಗಳ ಸ್ವಯಂ ಪರೀಕ್ಷೆ: ರೈತ ಮಹಿಳೆ ತಿಳಿದಿರಬೇಕಾದ ವಿಷಯ

ಚಿಕ್ಕನಾಯಕನಹಳ್ಳಿ ತಾಲ್ಲೂಕು ಹುಳಿಯಾರು ಹೋಬಳಿಯ ಕೆಂಕೆರೆ ಸುತ್ತಿನ ರೈತರಿಗೆ ತೆಂಗಿನ ಕೆಂಪುಮೂತಿ ಹುಳುವಿನ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಾಂಡದಲ್ಲಿ ಸಣ್ಣ ರಂಧ್ರ, ಅದರಿಂದ ಸೋರುವ ಕಂದು ರಸ, ಹೊರಬಿದ್ದ ನಾರಿನ ಚೂರು ಇಷ್ಟು ಕಂಡೊಡನೆ ಉಪಚಾರ ಮಾಡಿದರೆ ಮರ ಉಳಿಯುವ ಸಂಭವ ಹೆಚ್ಚು. ಸುಳಿ ಬಾಡಿದ ಮೇಲೆ ಕಣ್ಣಿಗೆ ಬಿದ್ದರೆ ಉಳಿಸುವುದು ಕಷ್ಟ. ಆದ್ದರಿಂದಲೇ ಒಳ್ಳೆಯ ತೋಟಗಾರ ಆಗಾಗ್ಗೆ ತೋಟ ಸುತ್ತಿ ಒಂದೊಂದು ಮರವನ್ನೂ ನೋಡಿ ಬರುತ್ತಾನೆ. ಆದರೆ ಅದೇ ಮನೆಯ ಹೆಣ್ಣುಮಕ್ಕಳು ತಮ್ಮ ದೇಹವನ್ನು ಹೀಗೆ ನೋಡಿಕೊಳ್ಳುವುದು ಅಪರೂಪ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ನಲವತ್ತೈದು ವರ್ಷದ ಗೃಹಿಣಿಗೆ ಸ್ನಾನ ಮಾಡುವಾಗ ಎಡ ಸ್ತನದಲ್ಲಿ ಹುಣಸೆ ಬೀಜದಷ್ಟು ಗಂಟು ಕೈಗೆ ಸಿಗುತ್ತದೆ. ನೋವಿಲ್ಲ, ಆದ್ದರಿಂದ ಸುಮ್ಮನಾಗುತ್ತಾಳೆ. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಲು ಅಂಜಿಕೆ. ಅಟ್ಟದ ಕೊಬ್ಬರಿ ಸುಲಿದು ತಿಪಟೂರಿಗೆ ಹೋಗಲಿ, ಆಮೇಲೆ ನೋಡೋಣ ಎಂದುಕೊಳ್ಳುತ್ತಾಳೆ. ಆಮೇಲೆ ರಾಗಿ ಕೊಯ್ಲು, ಅದಾದ ಮೇಲೆ ಮಗಳ ಬಾಣಂತನ. ವರ್ಷ ಕಳೆಯುವುದರಲ್ಲಿ ಕಂಕುಳಲ್ಲಿ ಇನ್ನೊಂದು ಗಂಟು ಕಾಣಿಸುತ್ತದೆ. ಇಂಥ ವಿಳಂಬವನ್ನು ತಪ್ಪಿಸುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಸ್ತನದ ಕ್ಯಾನ್ಸರ್ ಅಥವಾ ಏಡಿಗಂತಿ ಇಂದು ನಮ್ಮ ದೇಶದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಆಗಿದೆ. ವಯಸ್ಸು ಹೆಚ್ಚಿದಂತೆ ಇದರ ಸಂಭವ ಹೆಚ್ಚುತ್ತದೆ. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ ಇನ್ನಷ್ಟು ಎಚ್ಚರಿಕೆ ಅಗತ್ಯ. ಮಕ್ಕಳಿಗೆ ಎದೆಹಾಲು ಕುಡಿಸಿದವರಲ್ಲಿ ಸಂಭವ ಸ್ವಲ್ಪ ಕಡಿಮೆ; ಆದರೆ ಬರುವುದೇ ಇಲ್ಲವೆಂದು ತಿಳಿಯಬಾರದು. ಅಪರೂಪವಾಗಿ ಗಂಡಸರಿಗೂ ಇದು ಬರುವುದುಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಯಾರ ಪಾಪದ ಫಲವೂ ಅಲ್ಲ.

ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಚೀಲದಂತಹವು, ಹರೆಯದ ಹೆಣ್ಣುಮಕ್ಕಳಲ್ಲಿ ಬೆರಳಿಗೆ ಸಿಕ್ಕಿ ಜಾರುವ ಗಂಟುಗಳು, ಬಾಣಂತಿಯರಲ್ಲಿ ಹಾಲು ಕಟ್ಟಿ ಆಗುವ ಗಂಟುಗಳು ಹೀಗೆ ಅನೇಕ ಬಗೆಗಳಿವೆ. ಯಾವುದು ಯಾವುದೆಂದು ಮನೆಯಲ್ಲಿ ನಿರ್ಧರಿಸಲು ಸಾಧ್ಯವಿಲ್ಲ. ನೋವಿಲ್ಲದ ಗಂಟು ನಿರಪಾಯವೆಂಬ ನಂಬಿಕೆ ತಪ್ಪು. ಕ್ಯಾನ್ಸರಿನ ಗಂಟು ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ.

ಯಾವಾಗ ನೋಡಿಕೊಳ್ಳಬೇಕು?

ತಿಂಗಳಿಗೊಮ್ಮೆ ಸಾಕು. ಮುಟ್ಟಾಗುವ ಮಹಿಳೆಯರು ಮುಟ್ಟು ನಿಂತ ಮೂರರಿಂದ ಐದು ದಿನಗಳ ನಂತರ ನೋಡಿಕೊಳ್ಳುವುದು ಒಳ್ಳೆಯದು. ಮುಟ್ಟಿಗೆ ಮೊದಲು ಸ್ತನಗಳು ಬಿಗಿದು ಗಂಟುಗಂಟಾಗಿ ತೋರುವುದರಿಂದ ಆಗ ಬೇಡ. ಮುಟ್ಟು ನಿಂತುಹೋದವರು ಮರೆಯದ ಒಂದು ದಿನ ಗೊತ್ತುಮಾಡಿಕೊಳ್ಳಲಿ. ಪ್ರತಿ ಅಮಾವಾಸ್ಯೆ ಎಂದಿಟ್ಟುಕೊಂಡರೂ ಆದೀತು.

ನೋಡುವ ಕ್ರಮ

1. ಬಾಗಿಲು ಹಾಕಿಕೊಂಡು, ಬೆಳಕಿರುವ ಕಡೆ ಕನ್ನಡಿಯ ಮುಂದೆ ರವಿಕೆ ತೆಗೆದು ನಿಲ್ಲಿ. ಮೊದಲು ಕೈಗಳನ್ನು ಇಳಿಬಿಟ್ಟು, ನಂತರ ಸೊಂಟದ ಮೇಲೆ ಒತ್ತಿ ಹಿಡಿದು, ಕೊನೆಗೆ ತಲೆಯ ಮೇಲಕ್ಕೆತ್ತಿ, ಮೂರು ರೀತಿಯಲ್ಲಿ ನೋಡಿ. ಎರಡು ಸ್ತನಗಳು ಸ್ವಲ್ಪ ದೊಡ್ಡದು ಚಿಕ್ಕದು ಇರುವುದು ಸಹಜ. ಹಿಂದಿನ ತಿಂಗಳಿಗಿಂತ ಏನಾದರೂ ಬದಲಾಗಿದೆಯೇ ಎಂಬುದಷ್ಟೇ ಮುಖ್ಯ.

2. ಸ್ನಾನದ ವೇಳೆ ಸೋಪು ಹಚ್ಚಿದ ಕೈಯಿಂದ ಮುಟ್ಟಿ ನೋಡಿ. ಎಡ ಸ್ತನಕ್ಕೆ ಬಲಗೈ, ಬಲ ಸ್ತನಕ್ಕೆ ಎಡಗೈ. ನಡುವಿನ ಮೂರು ಬೆರಳುಗಳನ್ನು ಜೋಡಿಸಿ, ಬೆರಳ ತುದಿಯಿಂದ ಚುಚ್ಚದೆ, ಅದರ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿಟ್ಟು ಸಣ್ಣ ಸುತ್ತಿನಲ್ಲಿ ಆಡಿಸಬೇಕು. ಕೈಯಲ್ಲಿ ಹಿಡಿದು ಹಿಸುಕಿ ನೋಡಬಾರದು. ಹಿಸುಕಿದರೆ ಎಲ್ಲವೂ ಗಂಟಿನಂತೆಯೇ ತೋರುತ್ತದೆ.

3. ಕಂಕುಳಿನ ಕಡೆಯಿಂದ ಪ್ರಾರಂಭಿಸಿ, ಸಾಲು ಹೊಡೆದಂತೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಹೋಗಿ ಎದೆಯ ನಡುಮೂಳೆಯವರೆಗೆ ಬನ್ನಿ. ಮೇಲೆ ಕುತ್ತಿಗೆಯ ಬುಡದ ಮೂಳೆಯಿಂದ ಕೆಳಗೆ ಸ್ತನದ ಮಡಿಕೆಯವರೆಗೆ ಯಾವ ಜಾಗವೂ ಬಿಟ್ಟುಹೋಗಬಾರದು. ಒಂದೊಂದು ಜಾಗದಲ್ಲೂ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಒತ್ತಿ, ಕೊನೆಗೆ ಪಕ್ಕೆಲುಬು ಕೈಗೆ ತಾಗುವಷ್ಟು ಒತ್ತಿ ನೋಡಿ.

4. ಕಂಕುಳನ್ನು ತಪ್ಪದೆ ಮುಟ್ಟಿ ನೋಡಿ. ಸ್ತನ ದೊಡ್ಡದಾಗಿರುವವರು ಚಾಪೆಯ ಮೇಲೆ ಅಂಗಾತ ಮಲಗಿ, ನೋಡುವ ಕಡೆಯ ಭುಜದ ಕೆಳಗೆ ಮಡಿಸಿದ ಬಟ್ಟೆಯಿಟ್ಟು, ಆ ಕೈಯನ್ನು ತಲೆಯ ಕೆಳಗಿಟ್ಟು ನೋಡಿದರೆ ಅನುಕೂಲ.

ವೈದ್ಯರಿಗೆ ತೋರಿಸಲೇಬೇಕಾದ ಬದಲಾವಣೆಗಳು

ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಹೊಸ ಗಂಟು ಅಥವಾ ಗಟ್ಟಿಯಾದ ಭಾಗ. ಚರ್ಮ ಒಳಕ್ಕೆ ಎಳೆದು ಗುಳಿ ಬಿದ್ದಿರುವುದು. ಚರ್ಮ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು. ಮೊದಲು ನೆಟ್ಟಗಿದ್ದ ತೊಟ್ಟು ಒಳಸೇರುವುದು. ತೊಟ್ಟಿನ ಮೇಲೆ ವಾಸಿಯಾಗದ ಹುಣ್ಣು ಅಥವಾ ಕಜ್ಜಿ. ಹಿಂಡದೆಯೇ ತೊಟ್ಟಿನಿಂದ ರಕ್ತ ಅಥವಾ ನೀರಿನಂತಹ ದ್ರವ ಬರುವುದು. ಒಂದು ಸ್ತನ ಇದ್ದಕ್ಕಿದ್ದಂತೆ ಊದಿ ಕೆಂಪಾಗುವುದು. ಇವುಗಳಲ್ಲಿ ಒಂದು ಕಂಡರೂ ಒಂದೆರಡು ವಾರದೊಳಗೆ ವೈದ್ಯರನ್ನು ಕಾಣತಕ್ಕದ್ದು. ಬಾಣಂತಿಯರು ಹಾಲು ಕಟ್ಟಿದ ಗಂಟು ಚಿಕಿತ್ಸೆಯಿಂದ ಕರಗದಿದ್ದರೆ ಮತ್ತೆ ತೋರಿಸಬೇಕು. ಬರೆ ಹಾಕಿಸುವುದು, ಸೊಪ್ಪು ಅರೆದು ಕಟ್ಟುವುದು, ಎಣ್ಣೆ ಹಚ್ಚಿ ತಿಕ್ಕುವುದು ಖಂಡಿತ ಕೂಡದು. ಇವುಗಳಿಂದ ಗಂಟು ಹೋಗುವುದಿಲ್ಲ. ಅಮೂಲ್ಯವಾದ ಕಾಲ ಹೋಗುತ್ತದೆ.

ಕೈಪರೀಕ್ಷೆ ಒಂದೇ ಸಾಲದು

ಚೀನಾದ ಶಾಂಘೈ ನಗರದಲ್ಲಿ 2,66,064 ಮಹಿಳಾ ಗಿರಣಿ ಕಾರ್ಮಿಕರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸ್ವಯಂ ಪರೀಕ್ಷೆ ಕಲಿಸಿದ್ದರಿಂದಲೇ ಸಾವುಗಳು ಕಡಿಮೆಯಾಗಲಿಲ್ಲವೆಂದು ಅದು ತೋರಿಸಿತು. ನಮ್ಮ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು 1998ರಲ್ಲಿ ಪ್ರಾರಂಭಿಸಿದ ಅಧ್ಯಯನದಲ್ಲಿ 1,51,538 ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ವರದಿಯಂತೆ, ಈ ಗುಂಪಿನಲ್ಲಿ ರೋಗ ಇನ್ನೂ ಮೊದಲ ಹಂತದಲ್ಲಿರುವಾಗಲೇ ಪತ್ತೆಯಾಯಿತು. 50 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು.

ಆದ್ದರಿಂದ ಸ್ವಂತ ಪರೀಕ್ಷೆಯ ಪ್ರಯೋಜನವೆಂದರೆ ನಿಮ್ಮ ದೇಹದ ಸಹಜ ಸ್ಥಿತಿ ನಿಮಗೆ ಪರಿಚಯವಾಗುವುದು, ಬದಲಾವಣೆ ಬೇಗ ತಿಳಿಯುವುದು. ಇದರ ಜೊತೆಗೆ ತರಬೇತಾದವರ ಕೈಯಿಂದಲೂ ಪರೀಕ್ಷೆ ಆಗಬೇಕು. ಸರ್ಕಾರದ ಕಾರ್ಯಕ್ರಮದಂತೆ 30 ವರ್ಷ ಮೇಲ್ಪಟ್ಟ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗತಕ್ಕದ್ದು. ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವ ದಿನವೆಂದು ತಿಳಿಸುತ್ತಾರೆ. ಸ್ತ್ರೀಶಕ್ತಿ ಸಂಘದವರು ಒಟ್ಟಾಗಿ ಹೋದರೆ ಸಂಕೋಚವೂ ಕಡಿಮೆಯಾಗುತ್ತದೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಹತ್ತಿರದ ಆರೋಗ್ಯ ಕೇಂದ್ರ ಅಥವಾ ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಹಿಂಜರಿಯಬೇಡಿ. ಅಗತ್ಯವೆನಿಸಿದರೆ ತುಮಕೂರಿನ ಜಿಲ್ಲಾ ಆಸ್ಪತ್ರೆಗೋ, 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೋ ಕಳಿಸುತ್ತಾರೆ. ಅಲ್ಲಿ ಸ್ಕ್ಯಾನಿಂಗ್ ಇಲ್ಲವೆ ಮ್ಯಾಮೋಗ್ರಾಮ್ ಎಂಬ ಎಕ್ಸ್‌ರೇ ತೆಗೆದು, ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆಂಬ ಮಾತಿಗೆ ಆಧಾರವಿಲ್ಲ. ಗಂಟು ಚಿಕ್ಕದಿರುವಾಗಲೇ ಬಂದವರಲ್ಲಿ ಅನೇಕರಿಗೆ ಇಡೀ ಸ್ತನ ತೆಗೆಯುವ ಅಗತ್ಯವೂ ಬೀಳುವುದಿಲ್ಲ.

ಬಿ.ಪಿ.ಎಲ್. ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಕಾರ್ಡು ಮತ್ತು ಸರ್ಕಾರಿ ಆಸ್ಪತ್ರೆಯವರು ಮುಂದಕ್ಕೆ ಕಳಿಸುವ ಪತ್ರ ಜೊತೆಯಲ್ಲಿರಲಿ.

ಮನೆಯ ಯಜಮಾನರಿಗೊಂದು ಮಾತು

ಈ ಪತ್ರಿಕೆ ಮೊದಲು ನಿಮ್ಮ ಕೈಗೆ ಬಂದಿರಬಹುದು. ಓದಿ ಮುಗಿಸಿದ ಮೇಲೆ ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ. ಓದಲು ಬಾರದ ತಾಯಿಗೆ, ಅತ್ತೆಗೆ ಮಗಳಿಂದಲೋ ಸೊಸೆಯಿಂದಲೋ ಓದಿ ಹೇಳಿಸಿ. ಬಸ್ಸಿನ ಖರ್ಚು, ಒಂದು ದಿನದ ಕೆಲಸ, ಜೊತೆಗೆ ಹೋಗುವ ಆಳು ಇವಿಷ್ಟು ಒದಗದೆ ಅನೇಕ ಮಹಿಳೆಯರು ಬಾಯಿ ಬಿಡದೆ ಉಳಿಯುತ್ತಾರೆ. ಅವರಾಗಿ ಹೇಳಿದ ದಿನ, ಕೊಬ್ಬರಿಗೆ ಬೆಲೆ ಬರಲಿ ಎನ್ನಬೇಡಿ. ಉಂಡೆ ಕೊಬ್ಬರಿ ಅಟ್ಟದಲ್ಲಿ ಇನ್ನೊಂದು ತಿಂಗಳು ಕಾದೀತು. ಈ ಗಂಟು ಕಾಯುವುದಿಲ್ಲ.